ಅಡಿಯಲ್ಲಿ ಯಾರುಂಟು?

ಮೊಗ್ರಾಲಿನಲ್ಲಿ ಏಳುತ್ತಿದ್ದ ಮಹಡಿ ಮನೆಯ ಕೆಲಸವನ್ನು ಆ ಸಂಜೆ ಮಳೆ ನಿಲ್ಲಿಸಿತ್ತು. ಕೆಲಸದವರೆಲ್ಲ ಕೆಳಗಿನ ಕೋಣೆಯಲ್ಲಿ ಸಿಮೆಂಟು ಚೀಲಗಳ ಮೇಲೆ ಕುಳಿತರು. ಮೇಲ್ವಿಚಾರಕಿ ರಮ್ಯಶ್ರೀ ಬಾಗಿಲಲ್ಲೇ ನಿಂತಳು. ಇಲ್ಲಿ ಅವಳೊಡನೆ ಕೆಲಸದ್ದಲ್ಲದೆ ಬೇರೆ ಮಾತಾಡಿದವರಿಲ್ಲ. ತಾರಸಿಗೆ ಆಧಾರವಾಗಿ ಕಟ್ಟಿ ಬಿಚ್ಚಿದ ಸೆಂಟ್ರಿಂಗ್ ಹಲಗೆಯನ್ನು ಮೇಲಿನಿಂದ ಹಾಕುವ ಮೊದಲು 'ಅಡಿಯಲ್ಲಿ ಯಾರುಂಟು' ಎಂದು ಕೂಗಿ ಕಾಯಬೇಕು, ಯಾರಾದರೂ ಓಗೊಟ್ಟರೆ ಹಗ್ಗ ಕಟ್ಟಿ ಇಳಿಸಬೇಕು ಎಂಬ ಅವಳ ನಿಯಮ ಯಾರಿಗೂ ಹಿಡಿಸಿರಲಿಲ್ಲ. ನಾಳೆ ಅವಳಿಗೆ ಬೇರೆ ಸೈಟು.

"ಕೂಗಿ ಕೂಗಿ ಗಂಟಲು ಹೋಯಿತು ಮೇಡಂ," ಕೆಲಸದ ಹುಡುಗ ಗ್ಲ್ಯಾಡ್‌ಸನ್ ನಕ್ಕ. "ನಾಳೆಯಿಂದ ಸುಮ್ಮನೆ ಬಿಸಾಡುವ."

ಎಲ್ಲರಿಗಿಂತ ಹಿರಿಯ ಕೆಲಸಗಾರ ಮುದ್ದಣ್ಣ ಬೀಡಿ ಆರಿಸಿದ.

"ಕೂಸಪ್ಪ ಅಂತ ಒಬ್ಬನಿದ್ದ... ನಮ್ಮೊಟ್ಟಿಗೇ ಕೆಲಸ, ಆದರೆ ಒಂಟಿ ಪ್ರಾಣಿ. ಊಟಕ್ಕೂ ಗೋಡೆಗೆ ಮುಖ ಮಾಡಿ ಕೂರುವವ. ಅವನನ್ನು ಹೆಸರು ಹಿಡಿದು ಕರೆದವರು ಯಾರು ಹೇಳಿ? ಬದಿಯಡ್ಕದಲ್ಲಿ ಒಂದು ಮನೆಯ ಹಲಗೆ ಬಿಚ್ಚುವಾಗ ಅವ ಅಡಿಯಲ್ಲಿ ಮೊಳೆ ಹೆಕ್ಕುತ್ತಿದ್ದ. ಮೇಲಿದ್ದವ ಕೂಗಿದ... ಕೂಗಿದ್ದು ಹೌದು. ಕೂಗು ಮುಗಿಯುವ ಮೊದಲೇ ಹಲಗೆ ಕೈಬಿಟ್ಟಾಗಿತ್ತು. ಕೂಸಪ್ಪನ ಉತ್ತರ ಬಾಯಲ್ಲೇ ಉಳಿಯಿತು.

"ಆಮೇಲೆ ಎಂತಾಯ್ತು ಗೊತ್ತುಂಟಾ? 'ಅಡಿಯಲ್ಲಿ ಯಾರುಂಟು' ಅಂತ ಕೇಳಿದರೆ ಸಾಕು, 'ನಾನುಂಟು' ಅಂತ ಮೆಲ್ಲಗೆ ಒಂದು ಸ್ವರ... ಇಳಿದು ನೋಡಿದರೆ ನೆಲ ಖಾಲಿ. ಹೆದರಿಕೆಯಲ್ಲಿ ಎಲ್ಲರೂ ಕೂಗುವುದನ್ನೇ ಬಿಟ್ಟರು. ಹಾಗೆ ಕೂಗದೆ ಬಿಸಾಡಿದ ಒಂದು ದಿನ, ಅಡಿಯಲ್ಲಿದ್ದ ನಮ್ಮ ಜೊತೆಗಾರ ಪುರಂದರನ ಕಾಲು ಹೋಯಿತು. ಕೂಸಪ್ಪನಿಗೆ ಹೆದರುವುದು ಎಂತಕ್ಕೆ ಮಾರಾಯ? ಬದುಕಿದ್ದಾಗ ಯಾರೂ ಕೇಳಲಿಲ್ಲ... ಈಗ ಕೇಳಿದರೆ ಓಗೊಡುತ್ತಾನೆ, ಅಷ್ಟೆ."

"ಅದು ಬದಿಯಡ್ಕದ ಮನೆ ಅಲ್ಲವಾ ಅಣ್ಣ?" ಗ್ಲ್ಯಾಡ್‌ಸನ್ ಕೇಳಿದ.

"ಮನೆ ಬದಿಯಡ್ಕದ್ದು." ಮುದ್ದಣ್ಣ ಗೋಡೆಗೆ ಒರಗಿಸಿದ್ದ ಹಲಗೆಗಳನ್ನು ನೋಡಿದ. "ಬಾಡಿಗೆ ಹಲಗೆಗೆ ಯಾವ ಊರು? ಅಲ್ಲಿದ್ದದ್ದೇ ಇಲ್ಲಿಗೂ ಬರುತ್ತದೆ."

ರಮ್ಯಶ್ರೀಗೆ ನಿನ್ನೆ ಮಧ್ಯಾಹ್ನ ನೆನಪಾಯಿತು. ಮೇಲೆ ಒಬ್ಬಳೇ ಇದ್ದಾಗ, ಒಡೆದ ಹಲಗೆಯೊಂದನ್ನು ಬಿಡುವ ಮೊದಲು ಕೂಗಿದ್ದಳು. ಓಗೊಟ್ಟದ್ದು ಕೇಳಿ ಹಗ್ಗ ಕಟ್ಟಿ ಇಳಿಸಿದ್ದಳು. ತನ್ನ ಕೂಗನ್ನೂ ಒಬ್ಬರು ಲೆಕ್ಕಕ್ಕಿಟ್ಟರಲ್ಲ ಎಂದು ಇಡೀ ಸಂಜೆ ಮನಸ್ಸು ಹಗುರವಾಗಿತ್ತು.

"ನಿನ್ನೆ ಮಧ್ಯಾಹ್ನ 'ನಾನುಂಟು' ಅಂದದ್ದು ನೀವೇ ಅಲ್ಲವಾ ಮುದ್ದಣ್ಣ?"

ಮುದ್ದಣ್ಣ ಮಳೆಯತ್ತ ತಿರುಗಿದ.

"ನಿನ್ನೆ ಮಧ್ಯಾಹ್ನ ನಾವೆಲ್ಲ ಹೆದ್ದಾರಿ ಹತ್ತಿರ ಊಟಕ್ಕೆ ಹೋಗಿದ್ದೆವು ಮೇಡಂ..."

ಗ್ಲ್ಯಾಡ್‌ಸನ್ ಹಲಗೆಗಳ ಬಳಿಯಿಂದ ಮೆಲ್ಲನೆ ಈಚೆ ಸರಿದು ಕುಳಿತ.

"ನೀವು ಧೈರ್ಯದಲ್ಲಿ ಹೋಗಿ," ಮುದ್ದಣ್ಣ ಹೇಳಿದ. "ನಾಳೆ ಈ ಗ್ಲ್ಯಾಡ್‌ಸನ್ನೇ ಕೂಗುತ್ತಾನೆ. ಕೂಗದಿದ್ದರೆ... ಪಾಪ, ಕೂಸಪ್ಪನೊಟ್ಟಿಗೆ ಮಾತಾಡಲಿಕ್ಕೆ ಬೇರೆ ಯಾರುಂಟು?"