ನುಚ್ಚಕ್ಕಿಯ ಮೇಲೆ ಸತ್ತ ಮರಿ

ಕಾಡಂಚಿನ ಊರೊಂದರಲ್ಲಿ ಒಬ್ಬ ಶ್ರೀಮಂತ ಇದ್ದ. ಬೇಕಾದ್ದೆಲ್ಲ ಇತ್ತು, ನೆಮ್ಮದಿ ಒಂದು ಬಿಟ್ಟು. ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಮಣ್ಣು ಮುಟ್ಟಿದರೆ ಜ್ವರ ಬಂದೀತು, ಬೀದಿಗಿಳಿದರೆ ಬಿದ್ದಾಳು ಅಂತ ಅವಳನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ನಗಬೇಡಿ.

ಒಂದು ದಿನ ಹಿತ್ತಿಲ ಬಿದಿರುಮೆಳೆಯ ಕೆಳಗೆ ಕಾಡುಕೋಳಿಯೊಂದು ಮರಿಗಳ ಸಮೇತ ಬಂತು. ತರಗೆಲೆ ಕೆದರುತ್ತೆ, ಹಿಂದೆ ಸರಿದು ನೋಡುತ್ತೆ, ಗೆದ್ದಲು ಸಿಕ್ಕರೆ ಕೊಕ್ಕಿನಲ್ಲೆತ್ತಿ ಮರಿಗಳ ಮುಂದೆ ಉದುರಿಸುತ್ತೆ. ಶ್ರೀಮಂತ ಅದನ್ನು ಕಂಡ. ಅಯ್ಯೋ, ಹುಳ ತಿನ್ನುತ್ತಿವೆಯಲ್ಲ, ಆ ಎಲೆಯಡಿ ಹಾವಿದ್ದರೆ? ಆಳುಗಳನ್ನು ಕರೆದ. ತರಗೆಲೆಯನ್ನೆಲ್ಲ ಗುಡಿಸಿ ಸುಡಿಸಿದ, ನೆಲಕ್ಕೆ ಸಗಣಿ ಸಾರಿಸಿದ, ಒಳ್ಳೇ ನುಚ್ಚಕ್ಕಿ ಚೆಲ್ಲಿಸಿದ.

ಕೋಳಿ ಅಕ್ಕಿಗೆ ಬಂತು, ಮರಿಗಳೂ ಬಂದವು. ಆದರೆ ನೋಡಿ, ದಿನದಿಂದ ದಿನಕ್ಕೆ ಮರಿಗಳು ಸೊರಗಿದವು. ಒಂದು ಬೆಳಿಗ್ಗೆ ಒಂದು ಮರಿ ಅಕ್ಕಿಯ ಮೇಲೇ ಸತ್ತು ಬಿದ್ದಿತ್ತು. ಅವನಿಗೆ ಅನ್ನ ಸೇರಲಿಲ್ಲ. ಏನು ಮಾಡಿದ? ಇನ್ನಷ್ಟು ಅಕ್ಕಿ ಹಾಕಿಸಿದ, ಇನ್ನಷ್ಟು ಗುಡಿಸಿದ. ಇನ್ನೊಂದು ಮರಿ ಹೋಯಿತು.

ಆಮೇಲೆ ತಾಯಿಕೋಳಿ ಉಳಿದವನ್ನು ಕರಕೊಂಡು ಕಾಡಿಗೆ ನಡೆಯಿತು. ಇವನು ಜೀವ ಕೈಯಲ್ಲಿ ಹಿಡಿದುಕೊಂಡು ಹಿಂದೆ ಹಿಂದೆ ಹೋದ. ಅಲ್ಲೊಂದು ಕೊಳೆತ ಮರ, ಕಾಲು ಹೂತುಹೋಗುವಷ್ಟು ತರಗೆಲೆ. ಕೋಳಿ ಕೆದರಿತು. ಮರಿಗಳು ಗೆದ್ದಲಿಗೆ ಮುಗಿಬಿದ್ದವು. ಎಳೆಮರಿ ಬೆಳೆಯೋದು ಹುಳ ತಿಂದು. ಬರೀ ಕಾಳಿನಿಂದ ಅದು ಬದುಕಲಾರದು. ಇವನು ಕಣ್ಣಾರೆ ಕಂಡ. ಬುದ್ಧಿ ಬಂತೇ? ಮನೆಗೆ ಓಡಿಬಂದು ಆಳುಗಳಿಗೆ, ಹಾವಿದ್ದೀತು, ಆ ಜಾಗವನ್ನೂ ಗುಡಿಸಿಬಿಡಿ ಅಂದ.

ಅವನ ಹೆಂಡತಿ ಮಗಳ ಕೈ ಹಿಡಿದು ಹೊಸಿಲ ಒಳಗೆ ನಿಂತಿದ್ದಳು.

"ಕೋಳಿಗೆ ಕಾಡಿತ್ತು, ಮರಿ ಕರಕೊಂಡು ಹೋಯ್ತು," ಅಂದಳು. "ನಾನು ಇವಳನ್ನ ಎಲ್ಲಿಗೆ ಕರಕೊಂಡು ಹೋಗ್ಲಿ, ನೀವೇ ಹೇಳಿ."



ತಾಯಂದಿರೇ, ಅಪ್ಪಂದಿರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಮಗು ಶೂ ಲೇಸ್ ಕಟ್ಟಲು ಕೂತರೆ ತಡವಾಯ್ತು ಅಂತ ಯಾರು ಕಟ್ಟುತ್ತೀರಿ? ಗೆಳೆಯನ ಜೊತೆ ಜಗಳವಾಡಿ ಬಂದರೆ ಅವರ ಮನೆಗೆ ಯಾರು ಹೋಗುತ್ತೀರಿ? ನಿಮಗೆ ಪ್ರೀತಿ ಇಲ್ಲ ಅಂತ ನಾನು ಹೇಳೋದಿಲ್ಲ. ಆ ಶ್ರೀಮಂತನಿಗೂ ಬೇಕಾದಷ್ಟಿತ್ತು.

ನಾಳೆ ಮಗ ಪುಸ್ತಕ ಮರೆತು ಹೋದರೆ ಅದನ್ನು ಹಿಡಿದುಕೊಂಡು ಸ್ಕೂಲಿಗೆ ಓಡಬೇಡಿ. ಮೇಷ್ಟ್ರು ಬೈಯಲಿ, ಅವನು ಅಳಲಿ. ಸಂಜೆ ಬಂದಾಗ ಊಟ ಬಡಿಸಿ ಪಕ್ಕದಲ್ಲಿ ಕೂತುಕೊಳ್ಳಿ. ಅಲ್ಲಿಯವರೆಗೆ ನಿಮ್ಮ ಎದೆ ಹೊಡೆದುಕೊಳ್ಳುತ್ತೆ, ಗೊತ್ತು. ಹೊಡೆದುಕೊಳ್ಳಲಿ. ಆ ಸಂಕಟ ನಿಮ್ಮ ಪಾಲಿನದು, ಅದನ್ನು ಮಗುವಿನ ತಲೆಗೆ ಕಟ್ಟಬೇಡಿ.