ಬಾಟಲಿಯ ಮೇಲೆ ಯಾವ ಊರು

ಕಾಖೇತಿ ಪ್ರಾಂತ್ಯದ ತೆಲಾವಿಯಿಂದ ರಾಜಧಾನಿ ಟಿಬಿಲಿಸಿಗೆ ಹೋಗುವ ವ್ಯಾನಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ವಯಸ್ಸಾದ ಒತಿಯಾ ಮತ್ತು ಅವರ ಹೆಂಡತಿ ಸಿಯಾಲಾ ಕೂತಿದ್ದರು. ಕಾಲ ಬುಡದಲ್ಲಿ ಮಾರಲು ತಂದ ವೈನ್ ಬಾಟಲಿಗಳ ಚೀಲ.

“ಅಂಗಡಿಯವನು ಬಾಟಲಿ ಮೇಲೆ ಬರೆಯೋಕೆ ಹೆಸರು ಕೇಳಿದ್ರೆ ಕಾಖೇತಿ ವೈನ್ ಅಂತೀನಿ,” ಎಂದರು ಒತಿಯಾ.

“ಸುಳ್ಳು ಯಾಕ್ರೀ? ನಿಮ್ಮ ಕಾಖೇತಿಯವರ ಹಾಗೆ ಬಿಳಿ ದ್ರಾಕ್ಷಿ ರಸದ ಜೊತೆ ಸಿಪ್ಪೆ, ಬೀಜ, ತೊಟ್ಟು ಎಲ್ಲಾ ಗುಡಾಣಕ್ಕೆ ಸುರಿದಿದ್ದೀನಾ? ಇಮೆರೆತೀಲಿ ನಮ್ಮಮ್ಮ ಮಾಡ್ತಿದ್ದ ಹಾಗೆ ಸ್ವಲ್ಪವೇ ಸಿಪ್ಪೆ ಹಾಕಿದ್ದು.”

“ಅದೇ ನೋಡು! ನಾನು ಸೊಂಟ ಹಿಡ್ಕೊಂಡು ಮಲಗಿದ್ದಾಗ ನಮ್ಮಪ್ಪನ ಗುಡಾಣದಲ್ಲಿ ನಿನ್ನ ತವರಿನ ಆಟ ಆಡಿಬಿಟ್ಟೆ. ವೈನ್ ಅಂದ್ರೆ ಕಡು ಚಹಾದ ಬಣ್ಣ ಇರಬೇಕು. ಇದು ಒಣಹುಲ್ಲು ನೆನೆಸಿದ ನೀರು.”

“ಆ ನೀರನ್ನ ಈಸ್ಟರ್ ಹಬ್ಬದಲ್ಲಿ ಹೂಜಿಗಟ್ಟಲೆ ಕುಡಿದೋರು ಯಾರು?”

“ಕೆಟ್ಟಿದೆಯಾ ಅಂತ ನೋಡ್ತಿದ್ದೆ.”

“ಹೂಜಿ ಖಾಲಿ ಆದ್ಮೇಲೂ ಗೊತ್ತಾಗ್ಲಿಲ್ವಾ?”

ಒತಿಯಾ ಕಿಟಕಿಯ ಕಡೆ ತಿರುಗಿದರು.

“ನಲವತ್ತು ವರ್ಷ ನೆಲದಲ್ಲಿ ಹೂತ ಆ ಗುಡಾಣದೊಳಗೆ ಇಳಿದು ತೊಳೆದೋಳು ನಾನು. ಒಂದು ಸಲ ನನ್ನ ಊರಿನ ಹೆಸರು ಬಂದ್ರೆ ನಿಮ್ಮ ಮೀಸೆ ಉದುರಿಹೋಗುತ್ತಾ?”

“ಊರೋರು ನಗ್ತಾರೆ ಕಣೇ.”

“ಕುಡಿದು ನಗ್ಲಿ. ಹೋಗ್ಲಿ ಬಿಡಿ, ಏನಾದ್ರೂ ಬರೆಸ್ಕೊಳ್ಳಿ.”

ಟಿಬಿಲಿಸಿಯಲ್ಲಿ ವ್ಯಾನ್ ನಿಂತಾಗ ಡ್ರೈವರ್ ಬಂದು ಚೀಲಕ್ಕೆ ಕೈ ಹಾಕಿದ.

“ಮೆಲ್ಲಗೆ ಎತ್ತಪ್ಪಾ!” ಒತಿಯಾ ಕೂಗಿದರು. “ಅದರಲ್ಲಿ ಇಮೆರೆತಿ ವೈನ್ ಇದೆ.”

“ಇಮೆರೆತೀದಾ? ನೀವು ಕಾಖೇತಿಯವರಲ್ವಾ ತಾತ?”

“ನಾನು ಕಾಖೇತಿಯವನೇ. ವೈನ್ ಇವಳದು.”

ಸಿಯಾಲಾ ತಮ್ಮ ಗಂಡನ ತೋಳು ಹಿಡಿದು ಕೆಳಗಿಳಿಸಿದರು.

“ಸೊಂಟ ಜೋಪಾನ ರೀ,” ಎಂದದ್ದಷ್ಟೇ ನನಗೆ ಕೇಳಿಸಿತು.