ಗುರುವಾರದ ಹಿಟ್ಟು

ಹೊಳವನಹಳ್ಳಿ ಬಸ್‌ಸ್ಟಾಪಿನ ಕಲ್ಲುಬೆಂಚಿನ ತುದಿಯಲ್ಲಿ ಕೂತಿದ್ದ ಲೋಹಿತಾ ಟೀಚರ್, ಪಕ್ಕದಲ್ಲಿದ್ದ ಅತ್ತೆ-ಸೊಸೆಯರ ಮಾತು ಕಿವಿಗೆ ಬಿದ್ದಿದ್ದೇ ತಡ, ಓದುತ್ತಿದ್ದ ಪುಸ್ತಕದ ಹಾಳೆ ತಿರುಗಿಸುವುದನ್ನೇ ಮರೆತಳು.

“ಅವ್ವ ಹೋದಾಗಿಂದ ನಿದ್ದೆ ಇಲ್ಲ, ಊಟ ಸೇರಲ್ಲ ಅಂದೆ. ಗುರುವಾರ ಗುರುವಾರ ಫೋನಲ್ಲೇ ಕೌನ್ಸೆಲಿಂಗ್ ತಗೋಬೋದು ಅಂದ್ರು ಡಾಕ್ಟ್ರು.”

“ಮುಖ ನೋಡ್ದೆ ಮನಸಿನ ಮಾತು ಹೆಂಗೆ ಆಡ್ತೀಯ ಸುನಿತಾ?”

“ಮುಖ ನೋಡಿದ್ರೆ ಬರೀ ಅಳು ಬರ್ತದೆ ಅತ್ತೆ. ಫೋನಲ್ಲಾದ್ರೆ ಮಾತು ಬಂದೀತು. ಆದ್ರೆ ನಮ್ಮನೇಲಿ ಎಲ್ಲಿ ಕೂತು ಮಾತಾಡ್ಲಿ?”

“ಅದೂ ನಿಜ ಕಣಮ್ಮ. ನಾನಂತೂ ಕಿವಿ ಕೊಡ್ದೆ ಇರಾಕಿಲ್ಲ. ನನ್ ಮ್ಯಾಲೂ ಹೇಳ್ತೀಯ?”

“ಹೇಳ್ದೆ ಬುಡ್ತೀನಾ?”

ಇಬ್ಬರೂ ಕಿಸಕ್ಕನೆ ನಕ್ಕರು. ಲೋಹಿತಾ ನಗು ತಡೆಯಲು ತುಟಿ ಕಚ್ಚಿಕೊಂಡಳು.

“ಅಂಗಾದ್ರೆ ಆ ಹೊತ್ತಿಗೆ ನಾನು ರಾಗಿ ಹೊತ್ಕೊಂಡು ಹಿಟ್ಟಿನ ಮಿಲ್ಲಿಗೆ ಹೋಗ್ತೀನಿ. ನೀನು ಏನಾದ್ರೂ ಹೇಳ್ಕೊ.”

“ವಾರ ವಾರ ಹಿಟ್ಟು ಮಾಡ್ಸಿದ್ರೆ ಅಷ್ಟೊಂದು ಮುದ್ದೆ ಉಣ್ಣೋರ್ಯಾರು?”

“ನೀನೇ ಕಣಮ್ಮ. ನೀನು ಉಣ್ಲಿ ಅಂತ್ಲೇ ಅಲ್ವಾ ಆ ಫೋನು?”

ಸುನಿತಾ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಅಷ್ಟರಲ್ಲಿ ಕೊರಟಗೆರೆ ಬಸ್ಸು ಬಂತು. ಅತ್ತೆ ನುಗ್ಗಿ ಹತ್ತಿ, ಸೀಟು ಹಿಡಿದು, ಕಿಟಕಿಯಿಂದಲೇ ಕೂಗಿದಳು:

“ಬೇಗ ಬಾರಮ್ಮ, ಹೋಗಿ ರಾಗಿ ಕೇರ್ಬೇಕು. ನಾಳೇನೇ ಗುರುವಾರ!”